ದೊಡ್ಡಮ್ಮನಿಗೆ ಕರೆಂಟು ಇಟ್ಟಾಗ

2004ರ ದೀಪಾವಳಿ ಆಗಷ್ಟೇ ಮುಗಿದಿತ್ತು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಅಂತ ಗೊತ್ತಾಗಿ ದೊಡ್ಡಮ್ಮನನ್ನು ತುಮಕೂರು ಕಡೆಯ ನಮ್ಮೂರಿನಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರೆದೊಯ್ದೆ. ರೋಗಕ್ಕಿಂತ ಅವಳು ಹೆದರಿದ್ದು ವಿಕಿರಣ ಚಿಕಿತ್ಸೆಗೆ. "ಕೈಕಾಲು ಕಟ್ಟಾಕಿ ಕರೆಂಟು ಇಡ್ತಾರಂತೆ ಕಣವ್ವ" ಅಂತ ಬಸ್ಸಿನುದ್ದಕ್ಕೂ ಕಣ್ಣೀರು.

ಮೊದಲ ದಿನ ದಪ್ಪ ಬಾಗಿಲಿನ ಕೋಣೆಯಲ್ಲಿ ಅವಳನ್ನು ಒಬ್ಬಳೇ ಮಲಗಿಸಿದರು. ಕೆಲವೇ ನಿಮಿಷ. ಹೊರಗೆ ಬಂದವಳೇ, "ಏನೂ ಆಗ್ಲೇ ಇಲ್ವಲ್ಲ, ಮಿಷನ್ನು ಕೆಟ್ಟೈತೇನೋ ಕೇಳು" ಅಂದಳು. ಮಷೀನಿನವರು ಸಮಾಧಾನವಾಗಿ ಬಿಡಿಸಿ ಹೇಳಿದರು: ಇದು ವಿದ್ಯುತ್ತಲ್ಲ, ಕೋಬಾಲ್ಟ್ ಲೋಹದಿಂದ ಹೊರಡುವ ಗಾಮಾ ಕಿರಣ. ಕಣ್ಣಿಗೆ ಕಾಣದು, ಬಿದ್ದಾಗ ನೋಯದು. ಜೀವಕೋಶದ ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ಒಳ್ಳೆಯ ಕೋಶಗಳು ಮಾರನೇ ದಿನದೊಳಗೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತವೆ, ಕ್ಯಾನ್ಸರಿನವಕ್ಕೆ ಆ ಶಕ್ತಿ ಕಡಿಮೆ. ಅದಕ್ಕೇ ದಿನಕ್ಕಿಷ್ಟು ಅಂತ ವಾರಕ್ಕೆ 5 ದಿನ, ಒಟ್ಟು 25 ಸಲ.

ಸೊಂಟದ ಮೇಲೆ ಎಳೆದ ಗುರುತು ಅಳಿಸದ ಹಾಗೆ ಸ್ನಾನ, ವಾರಕ್ಕೊಂದು ಕೀಮೋ ಡ್ರಿಪ್, ನಡುನಡುವೆ ಭೇದಿ, ವಿಪರೀತ ಸುಸ್ತು. ತಲೆಗೂದಲು ಮಾತ್ರ ಉದುರಲಿಲ್ಲ. ಕಿರಣ ಬಿದ್ದ ಜಾಗದ ಕೂದಲಷ್ಟೇ ಹೋಗುವುದು ಅಂತ ನನಗೆ ತಿಳಿದದ್ದೂ ಅಲ್ಲೇ.

ಮೂರನೇ ವಾರ, ರೋಗದಿಂದ ಆಗುತ್ತಿದ್ದ ರಕ್ತಸ್ರಾವ ನಿಂತಿತು. ನಿಜವಾದ ಅಪಾಯ ಶುರುವಾದದ್ದು ಆಗ. "ವಾಸಿ ಆಯ್ತಲ್ಲ, ಇನ್ಯಾಕೆ? ರಾಗಿ ಕುಯ್ಲು ಬಂದೈತೆ, ನಡಿ ಊರಿಗೋಗಾನ" ಅಂತ ಗಂಟು ಕಟ್ಟಿದಳು. ಧರ್ಮಶಾಲೆಯಲ್ಲಿ ಪಕ್ಕದಲ್ಲಿದ್ದ ಹೆಂಗಸು ಹಾಗೆಯೇ ಎದ್ದು ಹೋಗಿದ್ದಳು. ನನ್ನ ಮಾತು ನಡೆಯಲಿಲ್ಲ. ಡಾಕ್ಟರಮ್ಮ ಕೂರಿಸಿಕೊಂಡು ಒಂದೇ ಮಾತು ಕೇಳಿದರು: "ಅಮ್ಮಾ, ಹೊಲದಲ್ಲಿ ಗರಿಕೆ ಮೇಲ್ಮೇಲೆ ಕಿತ್ತು ಬೇರು ಬಿಟ್ರೆ ಏನಾಗುತ್ತೆ?" ದೊಡ್ಡಮ್ಮ ಗಂಟು ಬಿಚ್ಚಿದಳು. ರಾಗಿಯನ್ನು ಅಣ್ಣಂದಿರು ಕುಯ್ದರು.

ಹೊರಗಿನದು ಮುಗಿದ ಮೇಲೆ ಒಳಗಿನ ಕರೆಂಟು: ಗರ್ಭಕೋಶದೊಳಗೇ ನಳಿಕೆ ಇಟ್ಟು, ಗೆಡ್ಡೆಗೆ ತೀರಾ ಹತ್ತಿರದಿಂದ ಕಿರಣ ಕೊಡುವುದು. ಅದು ಕಷ್ಟದ್ದೇ. ನನ್ನ ಕೈ ಹಿಡಿದು ಅತ್ತಳು, ಆದರೆ ಬೇಡ ಅನ್ನಲಿಲ್ಲ. ಮುಂದಿನ ವರ್ಷದ ಕುಯ್ಲಿಗೆ ಕುಡುಗೋಲು ಹಿಡಿದು ಅವಳೇ ಹೊಲಕ್ಕೆ ಇಳಿದಳು.

ಈ ಕ್ಯಾನ್ಸರಿಗೆ ಹೊರಗಿನದು, ಒಳಗಿನದು ಎರಡೂ ಸೇರಿ 8 ವಾರದೊಳಗೆ ಮುಗಿಯಬೇಕು. ತಡವಾದಷ್ಟೂ ಉಳಿದ ಕೋಶ ಮತ್ತೆ ಬೆಳೆಯುತ್ತದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಚಿಕಿತ್ಸೆ ನಡೆಯುತ್ತಿದ್ದರೆ, ಸ್ರಾವ ನಿಂತಿತೆಂದು ಅರ್ಧಕ್ಕೆ ಎದ್ದು ಬರಲು ದಯವಿಟ್ಟು ಬಿಡಬೇಡಿ.