ಒಂದೇ ಹೊಳೆಯ ಜನ

ಮಹಾಬಳೇಶ್ವರದ ಗುಡ್ಡದಲ್ಲಿ ಹುಟ್ಟುವ ಕೃಷ್ಣೆ ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು ನಮ್ಮ ಸೀಮೆಗೆ ಇಳಿಯುತ್ತಾಳೆ. ನಿಪ್ಪಾಣಿ ಕಡೆಯ ವೇದಗಂಗೆ ಭೋಜದ ಬಳಿ ದೂಧಗಂಗೆಯನ್ನು ಸೇರುತ್ತದೆ. ಮುಂದೆ ಆ ನೀರೂ ಕೃಷ್ಣೆಗೇ ಬರುತ್ತದೆ. ಕಾಗವಾಡ, ಚಿಕ್ಕೋಡಿ, ರಾಯಬಾಗ, ಅಥಣಿ ತಾಲ್ಲೂಕುಗಳ ಕಬ್ಬಿಗೆ ನೀರುಣಿಸಿ, ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ, ರಾಯಚೂರು ಜಿಲ್ಲೆಯ ಕಾಡ್ಲೂರಿನ ಹತ್ತಿರ ಹೊಳೆ ಭೀಮೆಯನ್ನು ಸೇರಿಸಿಕೊಳ್ಳುತ್ತದೆ. ಅಲ್ಲಿಂದ ಕೆಳಗೆ, ಕರ್ನಾಟಕ ತೆಲಂಗಾಣಗಳ ಗಡಿಯಲ್ಲಿ, ಒಂದು ನಡುಗಡ್ಡೆಯನ್ನು ಎರಡೂ ತೋಳಿನಿಂದ ಬಳಸಿಕೊಂಡು ಹರಿಯುತ್ತದೆ. ಅದು ಕುರುವಪುರ. ದತ್ತಭಕ್ತರು ದತ್ತನ ಮೊದಲ ಅವತಾರವೆಂದು ನಂಬುವ ಶ್ರೀಪಾದ ಶ್ರೀವಲ್ಲಭರು ತಪಸ್ಸು ಮಾಡಿದ ಜಾಗ.

ನಮ್ಮ ಮನೆಯಲ್ಲಿ ಈ ಊರಿನ ಹೆಸರು ಕೇಳುತ್ತಲೇ ಬೆಳೆದವನು ನಾನು. ಆಯಿ ಹುಣ್ಣಿಮೆಗೆ ವಾಡಿಗೆ, ಅಂದರೆ ನರಸೋಬಾವಾಡಿಗೆ, ಹೋಗುವವಳು. ಗಾಣಗಾಪುರಕ್ಕೂ ಹೋಗಿ ಬಂದವಳು. ಕುರುವಪುರ ಮಾತ್ರ ಆಕೆಗೆ ಉಳಿದುಹೋಯಿತು. "ಅದು ಭಾಳ ದೂರ, ಮತ್ತ ಹೊಳಿ ನಡುವ ಐತಿ" ಅನ್ನುತ್ತಿದ್ದಳು. ಆಕೆ ಹೋದ ಮೇಲೆ, ದೀಪಾವಳಿ ಮುಗಿದು ಹೊಳೆಯ ಸೆಳವು ಇಳಿದ ಹೊತ್ತಿಗೆ, ಆಕೆಯ ಹೆಸರಿನಲ್ಲಿ ನಾನು ಹೊರಟೆ.

ಅಥಣಿಯಿಂದ ವಿಜಯಪುರ, ಸಿಂದಗಿ, ಶಹಾಪುರ. ಕಬ್ಬಿನ ಹಸಿರು ಹಿಂದೆ ಸರಿದು ತೊಗರಿ, ಜೋಳ, ಹತ್ತಿಯ ಕರಿನೆಲ ಬರುತ್ತದೆ. ಹೂವಿನಹೆಡಗಿ ಸೇತುವೆಯ ಮೇಲೆ ಮತ್ತೆ ಕೃಷ್ಣೆ ಸಿಕ್ಕಳು. ಎರಡು ಜಲಾಶಯಗಳಲ್ಲಿ ನಿಂತು ಬಂದ ನೀರು. ಬಂಡೆಗಳ ನಡುವೆ ಹರಡಿಕೊಂಡಿತ್ತು. ದೇವದುರ್ಗದ ಹಾದಿಯಲ್ಲಿ ರಾಯಚೂರು, ಅಲ್ಲಿಂದ ಆತ್ಕೂರು. ತೆಲಂಗಾಣದ ಕಡೆಯಿಂದ ಬರುವವರು ಮಕ್ತಲ್ ಹತ್ತಿರದ ಪಂಚದೇವ ಪಹಾಡದಿಂದ ದಾಟುತ್ತಾರೆ. ಯಾವ ದಡದಿಂದ ಬಂದರೂ ಕೊನೆಯ ಹಾದಿ ನೀರಿನದೇ.

ಆತ್ಕೂರಿನ ದಂಡೆಯಲ್ಲಿ ಕೊಲ್ಹಾಪುರ ಕಡೆಯ ಒಂದು ಕುಟುಂಬ, ಕಲಬುರಗಿಯ ಕೆಲವರು, ನಾವು. ಮರಾಠಿ, ಕನ್ನಡ, ತೆಲುಗು ಮೂರೂ ಒಟ್ಟಿಗೆ ಕೇಳುತ್ತಿದ್ದವು. ಅಂಬಿಗ ಯಾರು ಎಲ್ಲಿ ಕೂಡಬೇಕೆಂದು ತೂಕ ನೋಡಿ ಹೇಳಿದ. ಅಲ್ಲಿ ಜಾತಿ, ಊರು, ವಯಸ್ಸಿನ ಪ್ರಶ್ನೆಯಿಲ್ಲ. ಭಾರ ಸಮನಾಗಿರಬೇಕು, ಅಷ್ಟೇ. "ಯಜಮಾನ್ರ, ನೀವು ಈ ಕಡೆ ಬರ್ರಿ" ಎಂದು ನನ್ನನ್ನು ಸರಿಸಿ, ಕೊಲ್ಹಾಪುರದ ಅಜ್ಜಿಯ ಕೈ ಹಿಡಿದು ಒಳಗೆ ಇಳಿಸಿದ. ಆ ಮುದುಕಿ ಹೊಳೆಗೆ ಮುಗಿದ ಕೈಯನ್ನೇ ಅವನತ್ತಲೂ ತಿರುಗಿಸಿದಳು.

ದಡ ಸೇರಿದರೆ ಮೊದಲು ಕಾಣುವುದು ಗದ್ದಲವಿಲ್ಲದ ಒಂದು ಊರು. ಹೊಲ, ದನಕರು, ಕೆಲವು ಮನೆ. ಅಂಗಡಿಗಳ ಸಾಲಿಲ್ಲ. ಉಳಿದುಕೊಳ್ಳುವವರಿಗೆ ಅರ್ಚಕರ ಮನೆಗಳಲ್ಲೇ ಊಟ, ವಸತಿ. ಗುಡಿಯ ಹತ್ತಿರ ಬೇರುಗಳನ್ನು ಇಳಿಬಿಟ್ಟು ನಿಂತ ದೊಡ್ಡ ಆಲದ ಮರವಿದೆ. ಗುರುಗಳು ಅದರಡಿ ಕೂತಿದ್ದರೆಂಬುದು ಪರಂಪರೆಯ ನಂಬಿಕೆ. ವಾಸುದೇವಾನಂದ ಸರಸ್ವತಿಗಳು, ಅಂದರೆ ಟೆಂಬೆ ಸ್ವಾಮಿಗಳು, ಧ್ಯಾನ ಮಾಡಿದ ಗವಿಯೂ ಇದೆ. 1911ರಲ್ಲಿ ಅವರು ಇಲ್ಲಿ ಚಾತುರ್ಮಾಸ್ಯಕ್ಕೆ ನಿಂತಾಗ ರಚಿಸಿದ ಘೋರಕಷ್ಟೋದ್ಧಾರಣ ಸ್ತೋತ್ರ ಇವತ್ತಿಗೂ ನಮ್ಮ ಕಡೆಯ ದತ್ತಭಕ್ತರ ಮನೆಗಳಲ್ಲಿ ಕೇಳುತ್ತದೆ. ಆಯಿ ಹೇಳುತ್ತಿದ್ದ ಅದೇ ಸ್ತೋತ್ರವನ್ನು ಆ ಗವಿಯ ಮುಂದೆ ಕೂತು ಹೇಳಿದೆ. ಆಕೆಯ ಏರಿಳಿತ ನನ್ನ ದನಿಯೊಳಗೆ ತಾನಾಗಿ ಬಂತು. ಸತ್ತವರು ನಮ್ಮಲ್ಲಿ ಉಳಿಯುವುದು ಹೀಗೆ ಎಂದು ನಾನು ಅಲ್ಲಿ ನಂಬಿದೆ.

ದತ್ತಭಕ್ತರ ಗ್ರಂಥವಾದ ಗುರುಚರಿತ್ರೆ ಕುರುವಪುರದ ಬಗ್ಗೆ ಹೇಳುವ ಕಥೆಗಳಲ್ಲಿ ಎರಡು ಈ ಹೊಳೆಯದೇ ಕಥೆಗಳು. ದಡ್ಡನೆಂದು ಊರವರು ಹಳಿದ ಮಗನನ್ನು ಕಟ್ಟಿಕೊಂಡು ಒಬ್ಬ ವಿಧವೆ ತಾಯಿ ನೀರಿಗೆ ಬೀಳಲು ಬರುತ್ತಾಳೆ. ಗುರುಗಳು ತಡೆದು, ಮಗನ ತಲೆಯ ಮೇಲೆ ಕೈಯಿಟ್ಟು, ತಾಯಿಗೆ ಬದುಕುವ ದಾರಿ ತೋರಿಸುತ್ತಾರೆ. ಇನ್ನೊಂದರಲ್ಲಿ, ದಿನಾ ನಮಸ್ಕರಿಸುವ ಅಗಸನೊಬ್ಬ ನದಿಯಲ್ಲಿ ವಿಹರಿಸುತ್ತಿದ್ದ ರಾಜನ ವೈಭವ ಕಂಡು ಆಸೆಪಡುತ್ತಾನೆ. ಆಸೆ ತಪ್ಪೆಂದು ಗುರು ಬೈಯುವುದಿಲ್ಲ. ಮುಂದಿನ ಜನ್ಮದಲ್ಲಿ ನೀನು ರಾಜನಾಗುವೆ ಎನ್ನುತ್ತಾರೆ. ಅವನು ಬೀದರಿನ ಮುಸ್ಲಿಂ ಅರಸನಾಗಿ ಹುಟ್ಟಿ, ದತ್ತನ ಎರಡನೆಯ ಅವತಾರವೆನಿಸಿದ ನೃಸಿಂಹ ಸರಸ್ವತಿಗಳ ಬಳಿಗೆ ಬರುತ್ತಾನೆಂದು ಕಥೆ ಮುಂದುವರಿಯುತ್ತದೆ. ಈ ನಡುಗಡ್ಡೆಯಲ್ಲಿ ಗುರುವನ್ನು ಮುಟ್ಟಿದವರು ಊರು ಕೈಬಿಟ್ಟ ತಾಯಿ, ಬಟ್ಟೆ ಒಗೆಯುವ ಭಕ್ತ.

ನೃಸಿಂಹ ಸರಸ್ವತಿಗಳ ನೆಲೆಗಳಲ್ಲಿ ವಾಡಿ ಇರುವುದು ಕೃಷ್ಣೆಯ ದಂಡೆಗೆ, ಗಾಣಗಾಪುರ ಭೀಮೆಯ ದಂಡೆಗೆ. ಎರಡೂ ನೀರು ಕಾಡ್ಲೂರಿನಲ್ಲಿ ಕೂಡಿ ಕುರುವಪುರಕ್ಕೆ ಬರುತ್ತದೆ. ಶಿಷ್ಯರು ಎರಡನೆಯ ಅವತಾರವೆಂದು ಎಣಿಸಿದವರ ಊರುಗಳ ನೀರು ಮೊದಲನೆಯವರ ಪಾದ ತೊಳೆಯುತ್ತಿದೆ. ಆಯಿ ಬಾರದಿದ್ದರೂ ವಾಡಿಯಲ್ಲಿ ಆಕೆ ಮಿಂದ ನೀರು ಇಲ್ಲಿಗೆ ಬಂದಿದೆ ಅನ್ನಿಸಿ ಮನಸ್ಸು ತುಂಬಿತು.

ಇದೇ ಹೊಳೆ ನಮ್ಮ ಊರುಗಳನ್ನೂ ನಡುಗಡ್ಡೆ ಮಾಡಿದ್ದುಂಟು. 2005, 2019, 2021ರ ಮಹಾಪೂರ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಆಗಸ್ಟ್ ಬಂದರೆ ಮಹಾರಾಷ್ಟ್ರದ ಕೊಯ್ನಾ ಜಲಾಶಯದಿಂದ ಎಷ್ಟು ನೀರು ಬಿಟ್ಟಾರು, ರಾಜಾಪುರ ಬ್ಯಾರೇಜಿನಲ್ಲಿ ಎಷ್ಟು ಕ್ಯೂಸೆಕ್ಸ್ ಎಂಬುದೇ ಮಾತು. 105 ಟಿಎಂಸಿಯ ಕೊಯ್ನಾ ತುಂಬಿದರೆ ಇತ್ತ ಯಡೂರು, ಮಾಂಜರಿ, ಇಂಗಳಿ, ಜುಗೂಳ, ಮಂಗಾವತಿಗಳಲ್ಲಿ ಗಂಟುಮೂಟೆ ಕಟ್ಟುತ್ತಾರೆ. ದನಗಳನ್ನು ಮೊದಲು ಎತ್ತರಕ್ಕೆ ಸಾಗಿಸಿ, ಆಮೇಲೆ ಮಕ್ಕಳು ಮುದುಕರನ್ನು ಬೋಟಿಗೆ ಹತ್ತಿಸುವ ಮನೆಗಳು ನಮ್ಮಲ್ಲಿವೆ. ವಾಡಿಯಲ್ಲಿ ಆಗ ನೀರು ಉತ್ತರದ ಬಾಗಿಲಿಂದ ಗರ್ಭಗುಡಿ ಹೊಕ್ಕು ಪಾದುಕೆ ಮುಟ್ಟಿ ದಕ್ಷಿಣಕ್ಕೆ ಹೊರಡುತ್ತದೆ. ಭಕ್ತರು ದಕ್ಷಿಣದ್ವಾರದಲ್ಲಿ ಮೀಯುತ್ತಾರೆ. ಭಯ ಮತ್ತು ಭಕ್ತಿ ಒಂದೇ ನೀರಿಗೆ ಸಲ್ಲುವುದು ಹೊಳೆದಂಡೆಯವರಿಗೆ ಗೊತ್ತು.

ಪೂರದ ದಿನಗಳಲ್ಲಿ ಯಾವ ಗುಡಿಯವರು, ಯಾವ ಬಸದಿಯವರು ಎಂದು ಯಾರೂ ಕೇಳಿದ್ದಿಲ್ಲ. ಆಚಾರ್ಯ ಶಾಂತಿಸಾಗರರ ಭೋಜ, ವೀರಭದ್ರನ ಯಡೂರು, ಮಾಸಾಹೇಬಾ ದರ್ಗಾದ ಕುಡಚಿ ಎಲ್ಲವೂ ಹೊಳೆ ನೆಚ್ಚಿದ ಊರುಗಳು. ಜುಗೂಳದಿಂದ ಹೊಳೆ ದಾಟಿದರೆ ಮಹಾರಾಷ್ಟ್ರದ ಖಿದ್ರಾಪುರ; ಅಲ್ಲಿನ ಕೋಪೇಶ್ವರ ಗುಡಿಯಲ್ಲಿ ಕನ್ನಡ ಶಾಸನಗಳಿವೆ. ರಾಜ್ಯದ ಗಡಿಗಿಂತ ಈ ದಾಟುವಿಕೆ ಹಳೆಯದು.

ಕುರುವಪುರದ ಜನ ನಾವು ವರ್ಷಕ್ಕೊಮ್ಮೆ ಅಂಜುವ ನೀರನ್ನು ದಿನಾ ದಾಟುತ್ತಾರೆ. ರಾತ್ರಿ ಹೆರಿಗೆ ನೋವು ಬಂದರೂ, ಸಂತೆಗೆ ಹೊರಟರೂ ಹೊಳೆ ದಾಟಲೇಬೇಕು. ಮಳೆಗಾಲದಲ್ಲಿ ಸೆಳವು ಜೋರಾದರೆ ದೋಣಿ ನಿಲ್ಲುತ್ತದೆ. ರಾಯಚೂರು ಜಿಲ್ಲೆಯ ಕೃಷ್ಣೆಯ ನಡುಗಡ್ಡೆಗಳಿಗೆ ಸೇತುವೆ ಬೇಕೆಂಬ ಕೂಗು ಬಹಳ ಹಳೆಯದು. ಯಾತ್ರೆಗೆ ಹೋದವರು ತೀರ್ಥ ತುಂಬಿಕೊಂಡು ಬರುತ್ತೇವೆ; ಆ ಕೂಗನ್ನು ಅಲ್ಲೇ ಬಿಟ್ಟು ಬರುತ್ತೇವೆ. ಅದು ಸರಿಯಲ್ಲ.

ದತ್ತನ ಹೆಸರು ಹೇಳುವ ನಮ್ಮ ಸೀಮೆಯವರಿಗೆ ನನ್ನದೊಂದು ಮಾತು. ಕುರುವಪುರಕ್ಕೆ ಹೋಗಿ. ಪೂರ ಇಳಿದ ಮೇಲೆ, ಮನೆಯ ಹಿರಿಯರ ಕಾಲು ಗಟ್ಟಿಯಿರುವಾಗಲೇ ಅವರನ್ನು ಕರೆದುಕೊಂಡು ಹೋಗಿ. ಅಂಬಿಗನ ಹತ್ತಿರ ಚೌಕಾಸಿ ಮಾಡಬೇಡಿ. ಗುರುವಿನ ಪಾದಕ್ಕೆ ನಿಮ್ಮನ್ನು ಮುಟ್ಟಿಸುವವನು ಅವನು. ಅಲ್ಲಿ ಉಂಡ ಮನೆಯವರ ಕಷ್ಟಸುಖ ಕೇಳಿ, ಅವರ ಸೇತುವೆಯ ಮಾತನ್ನು ನಮ್ಮ ಪ್ರತಿನಿಧಿಗಳ ಮುಂದೆಯೂ ಎತ್ತಿ. 2019ರಲ್ಲಿ ನಮ್ಮ ಮನೆಗಳಿಗೆ ನೀರು ಹೊಕ್ಕಾಗ ಹೆಸರು ಗೊತ್ತಿಲ್ಲದ ಊರುಗಳಿಂದ ರೊಟ್ಟಿ, ಹಾಸಿಗೆ ಬಂದವು. ಆ ಋಣ ತೀರಿಸಲು ನಮಗೆ ಹೊಳೆಯ ಕೆಳಗಿನ ದಂಡೆಗಳಿವೆ.