ಕೂಸು ಹುಟ್ಟುವ ಮುನ್ನವೇ ಸರದಿ

ಟೊರಾಂಟೊ ಮಹಾನಗರದಿಂದ ಪಶ್ಚಿಮಕ್ಕೆ ಸುಮಾರು ನೂರು ಕಿಲೋಮೀಟರ್ ಸಾಗಿದರೆ ಕಿಚನರ್ ಮತ್ತು ವಾಟರ್‌ಲೂ ಎಂಬ ಜೋಡಿ ಊರುಗಳು ಸಿಗುತ್ತವೆ. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂಬುದು ಹೊಸಬರಿಗೆ ತಿಳಿಯುವುದೇ ಇಲ್ಲ. ಕಿಂಗ್ ಸ್ಟ್ರೀಟ್ ಎಂಬ ಒಂದೇ ರಸ್ತೆ ಎರಡನ್ನೂ ಹೊಲಿದಿದೆ. 2019ರಿಂದ ‘ಅಯಾನ್’ ಎಂಬ ಲಘು ರೈಲೂ ಅದೇ ಕೆಲಸ ಮಾಡುತ್ತಿದೆ. ಕಿಚನರ್‌ನ ಹಳೆಯ ಹೆಸರು ಬರ್ಲಿನ್. ಜರ್ಮನ್ ಮೂಲದವರು ನೆಲೆಸಿ ಬೆಳೆಸಿದ ಈ ಊರು ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಹೆಸರು ಬದಲಿಸಿಕೊಂಡಿತು. ಊರಾಚೆ ಸೇಂಟ್ ಜೇಕಬ್ಸ್ ಕಡೆಗೆ ಹೋದರೆ ಮೆನೊನೈಟ್ ಪಂಥದ ರೈತರು ಇಂದಿಗೂ ಕುದುರೆ ಗಾಡಿಯಲ್ಲಿ ಓಡಾಡುವುದನ್ನು ಕಾಣಬಹುದು. ಊರೊಳಗೆ ನೋಡಿದರೆ ಬ್ಲ್ಯಾಕ್‌ಬೆರಿ ಫೋನಿನ ತವರು, 1957ರಲ್ಲಿ ಸ್ಥಾಪನೆಯಾದ ವಾಟರ್‌ಲೂ ವಿಶ್ವವಿದ್ಯಾಲಯ, ಕಾನೆಸ್ಟೋಗಾ ಕಾಲೇಜು. 2021ರ ಜನಗಣತಿಯಂತೆ ಕಿಚನರ್‌ನ ಜನಸಂಖ್ಯೆ 2,56,885, ವಾಟರ್‌ಲೂನದು 1,21,436.

ಓದಲು, ಕೆಲಸ ಮಾಡಲು ಬಂದ ಎಳೆಯ ದಂಪತಿಗಳು ತುಂಬಿರುವ ಈ ಊರಿನಲ್ಲಿ ಪ್ರವಾಸಿಗಳ ಕಣ್ಣಿಗೆ ಬೀಳದ ಸರದಿಯೊಂದಿದೆ. ಅದರಲ್ಲಿ ನಿಂತವರು ಇನ್ನೂ ಮಾತು ಬಾರದ ಕೂಸುಗಳು. ಕೆಲವರಂತೂ ಇನ್ನೂ ಹುಟ್ಟಿಯೇ ಇಲ್ಲ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡು ನಮ್ಮಲ್ಲಿ ನಗುವುದುಂಟು. ಇಲ್ಲಿ ಬಸುರಿಯಾಗಿರುವಾಗಲೇ ಶಿಶುಪಾಲನಾ ಕೇಂದ್ರಕ್ಕೆ ಅರ್ಜಿ ಹಾಕುವುದು ಜಾಣತನ. ಅರ್ಜಿಯಲ್ಲಿ ಮಗುವಿನ ಹೆಸರಿನ ಜಾಗ ಖಾಲಿ. ಹುಟ್ಟಿದ ದಿನಾಂಕದ ಜಾಗದಲ್ಲಿ ವೈದ್ಯರು ಹೇಳಿದ ಅಂದಾಜು ದಿನ.

ಹತ್ತು ಕೂಸಿಗೆ ಮೂವರು

ಇಷ್ಟು ದೊಡ್ಡ, ಇಷ್ಟು ಸಿರಿವಂತ ದೇಶದಲ್ಲಿ ತೊಟ್ಟಿಲಿಗೇಕೆ ಬರ? ಉತ್ತರ ಒಂದು ಸಣ್ಣ ಲೆಕ್ಕದಲ್ಲಿದೆ. ಈ ಊರುಗಳಿರುವ ಒಂಟಾರಿಯೊ ಪ್ರಾಂತ್ಯದ ಸಾಮಾನ್ಯ ನಿಯಮದಂತೆ ಪರವಾನಗಿ ಪಡೆದ ಕೇಂದ್ರದಲ್ಲಿ 18 ತಿಂಗಳೊಳಗಿನ ಹತ್ತು ಕೂಸುಗಳಿಗೆ ಮೂವರು ಪಾಲಕರಿರಬೇಕು. ಒಂದು ಗುಂಪಿನಲ್ಲಿ ಹತ್ತಕ್ಕಿಂತ ಹೆಚ್ಚು ಕೂಸುಗಳಿರುವಂತಿಲ್ಲ. 18ರಿಂದ 30 ತಿಂಗಳ, ತಪ್ಪುಹೆಜ್ಜೆ ಇಡುವ ಮಕ್ಕಳಾದರೆ ಐವರಿಗೆ ಒಬ್ಬರು. ಅದಕ್ಕೂ ದೊಡ್ಡವರಾದರೆ ಎಂಟು ಮಕ್ಕಳಿಗೆ ಒಬ್ಬರು. ಗುಂಪಿನಲ್ಲಿ 24 ಮಕ್ಕಳವರೆಗೆ ಇರಬಹುದು. ಅಂದರೆ ಮೂವರು ಪಾಲಕರ ಸಂಬಳದಲ್ಲಿ ಒಂದು ಕೋಣೆಯಲ್ಲಿ 24 ಮಕ್ಕಳನ್ನು ನೋಡಿಕೊಳ್ಳಬಹುದಾದರೆ ಕೂಸುಗಳ ಕೋಣೆಯಲ್ಲಿ ಹತ್ತನ್ನು ಮಾತ್ರ. ಹಾಗಾಗಿ ಅನೇಕ ಕೇಂದ್ರಗಳು ಕೂಸುಗಳ ಕೋಣೆಯನ್ನು ತೆರೆಯುವುದೇ ಇಲ್ಲ. ತೆರೆದವು ಒಂದೇ ಕೋಣೆಗೆ ಸುಮ್ಮನಾಗುತ್ತವೆ.

ಪಾಲಕರೂ ಸುಲಭವಾಗಿ ಸಿಗುವುದಿಲ್ಲ. ಶಿಶು ಶಿಕ್ಷಕಿ ಎಂದು ಕರೆಸಿಕೊಳ್ಳಬೇಕಾದರೆ ಸಾಮಾನ್ಯವಾಗಿ ಎರಡು ವರ್ಷಗಳ ಡಿಪ್ಲೊಮಾ ಮುಗಿಸಿ, ಪ್ರಾಂತ್ಯದ ವೃತ್ತಿ ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕು. ಕಾನೆಸ್ಟೋಗಾ ಕಾಲೇಜಿನಲ್ಲೂ ಈ ಶಿಕ್ಷಣವಿದೆ. ಆದರೆ ಓದಿದವರೆಲ್ಲ ಉಳಿಯುವುದಿಲ್ಲ. ದಿನವಿಡೀ ಕೂಸು ಎತ್ತುವ ಕೆಲಸಕ್ಕೆ ಸಂಬಳ ಕಡಿಮೆ ಎಂದು ಬೇರೆ ದಾರಿ ಹಿಡಿಯುತ್ತಾರೆ. ತೊಟ್ಟಿಲಿದ್ದರೂ ತೂಗುವವರಿಲ್ಲದೆ ಕೋಣೆ ಮುಚ್ಚಿರುವುದೂ ಉಂಟು.

ಇದಕ್ಕೆ ಇನ್ನೊಂದು ಕಾರಣವೂ ಸೇರಿದೆ. 2022ರ ಮಾರ್ಚ್‌ನಲ್ಲಿ ಒಂಟಾರಿಯೊ ಕೇಂದ್ರ ಸರ್ಕಾರದ ಅಗ್ಗದ ಶಿಶುಪಾಲನೆಯ ಒಪ್ಪಂದಕ್ಕೆ ಸಹಿ ಹಾಕಿತು. ಅದಕ್ಕೂ ಮುನ್ನ ಕೂಸೊಂದರ ತಿಂಗಳ ಶುಲ್ಕ ಅನೇಕ ಕಡೆ ಸಾವಿರ ಡಾಲರ್ ದಾಟುತ್ತಿತ್ತು. 2025ರ ಜನವರಿಯಲ್ಲಿ, ಯೋಜನೆಗೆ ಸೇರಿದ ಕೇಂದ್ರಗಳಲ್ಲಿ ಮೂಲ ಶುಲ್ಕಕ್ಕೆ ದಿನಕ್ಕೆ 22 ಡಾಲರುಗಳ ಮಿತಿ ಬಂತು. ಬೆಲೆ ಇಳಿದರೆ ಗಿರಾಕಿ ಹೆಚ್ಚುವುದು ಸಂತೆಯ ನಿಯಮ. ಸರದಿ ಇನ್ನಷ್ಟು ಉದ್ದವಾಯಿತು.

ಸೆಪ್ಟೆಂಬರಿನ ಬಾಗಿಲು

ಈ ಸರದಿ ಯಾವಾಗ ಸರಿಯುತ್ತದೆ ಎಂಬುದಕ್ಕೂ ಒಂದು ಕ್ರಮವಿದೆ. ಒಂಟಾರಿಯೊದಲ್ಲಿ ನಾಲ್ಕು ತುಂಬುವ ವರ್ಷ ಮಗು ಸರ್ಕಾರಿ ಶಾಲೆಯ ಕಿಂಡರ್‌ಗಾರ್ಟನ್‌ಗೆ ಹೋಗಬಹುದು. ಶಾಲೆ ತೆರೆಯುವುದು ಸೆಪ್ಟೆಂಬರಿನಲ್ಲಿ. ಆಗ ದೊಡ್ಡ ಮಕ್ಕಳು ಕೇಂದ್ರ ಬಿಡುತ್ತಾರೆ, ನಡುವಿನವರು ಅವರ ಕೋಣೆಗೆ ಏರುತ್ತಾರೆ, ತಪ್ಪುಹೆಜ್ಜೆಯವರಿಗೆ ಜಾಗ ಸಿಗುತ್ತದೆ, ಕೊನೆಗೊಂದು ತೊಟ್ಟಿಲು ಖಾಲಿಯಾಗುತ್ತದೆ. ಜನವರಿಯ ಹಿಮದಲ್ಲಿ ಬಾಗಿಲು ತಟ್ಟಿ ‘ಜಾಗವಿಲ್ಲ’ ಎನ್ನಿಸಿಕೊಂಡ ತಾಯಿಗೆ ಅದೇ ಕೇಂದ್ರದಿಂದ ಆಗಸ್ಟ್‌ನಲ್ಲಿ ಕರೆ ಬಂದರೆ ಆಶ್ಚರ್ಯವಿಲ್ಲ.

ಅರ್ಜಿ ಹಾಕಲು ಕೇಂದ್ರದಿಂದ ಕೇಂದ್ರಕ್ಕೆ ಅಲೆಯಬೇಕಿಲ್ಲ. ವಾಟರ್‌ಲೂ ಪ್ರದೇಶದ ಆಡಳಿತ ‘ಒನ್‌ಲಿಸ್ಟ್’ ಎಂಬ ಸಾಮಾನ್ಯ ಪಟ್ಟಿಯ ಏರ್ಪಾಡು ಮಾಡಿದೆ. ಪಟ್ಟಿಗೆ ಸೇರಿಸಲು ದುಡ್ಡು ಕೇಳುವುದನ್ನು ಪ್ರಾಂತ್ಯ 2016ರ ಸೆಪ್ಟೆಂಬರಿನಿಂದ ನಿಷೇಧಿಸಿದೆ. ಆದರೆ ಹೆಸರು ಬರೆಸಿ ಮನೆಯಲ್ಲಿ ಕುಳಿತರೆ ಸಾಲದು. ಆಗಾಗ ಫೋನ್ ಮಾಡಿ ವಿಚಾರಿಸುತ್ತಿರಬೇಕು. ಅಣ್ಣನೋ ಅಕ್ಕನೋ ಈಗಾಗಲೇ ಅಲ್ಲಿರುವ ಕೂಸಿಗೆ ಬಹಳ ಕಡೆ ಮೊದಲ ಮಣೆ.

ತಾಯ್ತಂದೆಯರ ರಜೆಯ ಲೆಕ್ಕವೂ ಇದಕ್ಕೆ ಹೆಣೆದುಕೊಂಡಿದೆ. ಉದ್ಯೋಗ ವಿಮೆಯ ಅರ್ಹತೆಯಿರುವ ತಾಯಿಗೆ 15 ವಾರಗಳ ಹೆರಿಗೆ ಭತ್ಯೆಯ ಬಳಿಕ ಎರಡು ದಾರಿಗಳಿವೆ: 35 ವಾರ ಹೆಚ್ಚಿನ ದರದಲ್ಲಿ, ಇಲ್ಲವೇ 61 ವಾರ ಕಡಿಮೆ ದರದಲ್ಲಿ ಪೋಷಕ ಭತ್ಯೆ. ಮೊದಲನೆಯದನ್ನು ಆರಿಸಿದರೆ ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಆ ಅಪರೂಪದ ತೊಟ್ಟಿಲು ಬೇಕು. ಎರಡನೆಯದಾದರೆ ಕೈಗೆ ಬರುವ ವಾರದ ಹಣ ಇಳಿಯುತ್ತದೆ. ಆದರೆ ಆ ವೇಳೆಗೆ ಮಗುವಿಗೆ ಹೆಚ್ಚುಕಡಿಮೆ 18 ತಿಂಗಳು ತುಂಬಿ, ಸ್ವಲ್ಪ ಸಲೀಸಾಗಿ ಸಿಗುವ ಮುಂದಿನ ಕೋಣೆಗೇ ಸೇರಿಸಬಹುದು. ಓದುತ್ತಿರುವ, ದುಡಿಮೆಯ ಗಂಟೆಗಳು ಸಾಕಷ್ಟಿಲ್ಲದ ತಾಯಿಗೆ ಈ ಆಯ್ಕೆಯೇ ಇಲ್ಲ. ಅವಳ ಪಾಲಿಗೆ ಸೆಮಿಸ್ಟರ್ ಕಾಯುವುದಿಲ್ಲ.

ಕಾಗದದ ಹಿಂದಿನ ಕಥೆ

ಕಾದು ಸಾಕಾದವರು ಪಕ್ಕದ ಬೀದಿಯ ಮನೆಯಲ್ಲಿ ಕೂಸು ನೋಡಿಕೊಳ್ಳುವವರತ್ತ ತಿರುಗುವುದು ಸಹಜ. ಅದು ಕಾನೂನುಬಾಹಿರವೇನಲ್ಲ. ಪರವಾನಗಿ ಇಲ್ಲದವರೂ ಐದು ಮಕ್ಕಳವರೆಗೆ ನೋಡಿಕೊಳ್ಳಬಹುದು. ಅವರಲ್ಲಿ ಎರಡು ವರ್ಷದೊಳಗಿನವರು ಮೂವರನ್ನು ಮೀರಬಾರದು. ತಮಗೆ ಪರವಾನಗಿ ಇಲ್ಲವೆಂಬುದನ್ನು ಹೆತ್ತವರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಪ್ರೀತಿಯಿಂದ ನೋಡಿಕೊಳ್ಳುವವರು ಇವರಲ್ಲಿ ಬೇಕಾದಷ್ಟು ಮಂದಿಯಿದ್ದಾರೆ. ಆದರೆ ಬಾಗಿಲು ತೆರೆದು ನೋಡಲು ಅಧಿಕಾರಿ ನಿಯಮಿತವಾಗಿ ಬರುವುದಿಲ್ಲ.

ಇದರ ಬೆಲೆ ಏನೆಂಬುದು 2013ರ ಜುಲೈನಲ್ಲಿ ಟೊರಾಂಟೊ ಬಳಿಯ ವಾನ್ ಪಟ್ಟಣದಲ್ಲಿ ಗೊತ್ತಾಯಿತು. ಮಿತಿ ಮೀರಿ ಮಕ್ಕಳನ್ನು ತುಂಬಿಕೊಂಡಿದ್ದ, ಪರವಾನಗಿಯಿಲ್ಲದ ಮನೆಯೊಂದರಲ್ಲಿ ಎರಡು ವರ್ಷದ ಹೆಣ್ಣುಮಗು ಬಿಸಿಲಿನಲ್ಲಿ ನಿಂತ ಕಾರಿನೊಳಗೇ ಉಳಿದು ಸತ್ತಿತು. ಆ ಮನೆಯ ಬಗ್ಗೆ ದೂರುಗಳು ಮೊದಲೇ ಇಲಾಖೆಗೆ ತಲುಪಿದ್ದವು. 2014ರ ಅಕ್ಟೋಬರಿನಲ್ಲಿ ಪ್ರಾಂತ್ಯದ ಆಂಬುಡ್ಸ್‌ಮನ್ ಈ ಬಗ್ಗೆ 113 ಶಿಫಾರಸುಗಳ ವರದಿ ಕೊಟ್ಟರು. ಅದೇ ವರ್ಷದ ಕೊನೆಗೆ ಹೊಸ ಶಿಶುಪಾಲನಾ ಕಾಯ್ದೆ ಅಂಗೀಕಾರವಾಯಿತು.

ಆದುದರಿಂದ ಕೇಂದ್ರದ ಬಾಗಿಲ ಬಳಿ ತೂಗುಹಾಕಿದ ಪರವಾನಗಿ ಬರಿಯ ಕಾಗದವಲ್ಲ. ಹತ್ತಕ್ಕೆ ಮೂವರು ಎಂಬ ಎಣಿಕೆ, ವರ್ಷದೊಳಗಿನ ಕೂಸನ್ನು ಬೆನ್ನ ಮೇಲೆಯೇ ಮಲಗಿಸಬೇಕೆಂಬ ನಿಯಮ, ಹೆತ್ತವರು ಬರೆದುಕೊಟ್ಟಂತೆಯೇ ಹಾಲೂಡಿಸಬೇಕೆಂಬ ಕಟ್ಟಳೆ, ಇವೆಲ್ಲ ಅದರ ಹಿಂದಿವೆ. ಯಾವ ನಿಯಮದಿಂದ ಸರದಿ ಉದ್ದವಾಯಿತೋ ಅದೇ ನಿಯಮ ಮಗುವನ್ನು ಕಾಯುತ್ತದೆ. ಕೇಂದ್ರ ಸಿಗದಿದ್ದರೆ ಪರವಾನಗಿ ಪಡೆದ ಸಂಸ್ಥೆಯ ಮೇಲ್ವಿಚಾರಣೆಯಲ್ಲಿರುವ ಮನೆಗಳೂ ಉಂಟು. ಅಲ್ಲಿ ಆರು ಮಕ್ಕಳವರೆಗೆ ಇರಬಹುದು. ಮೂರು ತಿಂಗಳಿಗೊಮ್ಮೆಯಾದರೂ ಸಂಸ್ಥೆಯವರು ಬಂದು ಪರೀಕ್ಷಿಸುತ್ತಾರೆ. ಎಲ್ಲಿಗೇ ಹೋದರೂ ಕಾಗದ ನೋಡಿದ ಮೇಲೆ ಕೋಣೆಯೊಳಗೆ ಸ್ವಲ್ಪ ಹೊತ್ತು ಕುಳಿತು, ಅಳುವ ಕೂಸಿನ ಬಳಿಗೆ ಎಷ್ಟು ಬೇಗ ಯಾರು ಬರುತ್ತಾರೆಂದು ಗಮನಿಸುವುದು ಮೇಲು.

ಅಜ್ಜಿ ಬಂದರೆ

ಕರ್ನಾಟಕದಿಂದ ಹೋದ ಅನೇಕ ಮನೆಗಳಲ್ಲಿ ಈ ಬಿಕ್ಕಟ್ಟಿಗೆ ಸಿಗುವ ಮೊದಲ ಪರಿಹಾರ ಅಜ್ಜಿ. ಬಾಣಂತನಕ್ಕೆ ಬಂದವರು ಕೂಸು ನಡೆಯುವ ತನಕ ಉಳಿಯುತ್ತಾರೆ. ಸಂಬಂಧಿಕರು ಮಗು ನೋಡಿಕೊಳ್ಳಲು ಪರವಾನಗಿ ಬೇಕಿಲ್ಲ. ಮಕ್ಕಳನ್ನು ಅಲ್ಲಿಗೆ ಓದಲು ಕಳಿಸುವ ಹೆತ್ತವರು ಒಂದು ವಿಷಯ ತಿಳಿದಿರಬೇಕು. ಒಮ್ಮೆಗೆ ಐದು ವರ್ಷದವರೆಗೆ ಇರಗೊಡುವ ‘ಸೂಪರ್ ವೀಸಾ’ ಸಿಗುವುದು ಕೆನಡಾದ ಪ್ರಜೆಗಳ ಮತ್ತು ಕಾಯಂ ನಿವಾಸಿಗಳ ತಂದೆತಾಯಿ, ಅಜ್ಜಅಜ್ಜಿಯರಿಗೆ ಮಾತ್ರ. ವಿದ್ಯಾರ್ಥಿಯ ತಾಯಿಗೆ ಸಾಮಾನ್ಯ ಪ್ರವಾಸಿ ವೀಸಾ. ಸಾಮಾನ್ಯವಾಗಿ ಆರು ತಿಂಗಳ ವಾಸ. ಅಜ್ಜಿ ವಿಮಾನ ಹತ್ತಿದ ಮರುದಿನ ಏನು ಎಂಬ ಪ್ರಶ್ನೆಗೆ ಉತ್ತರ ಆ ಪಟ್ಟಿಯಲ್ಲೇ ಇರಬೇಕಾಗುತ್ತದೆ. ಅಜ್ಜಿ ಬರುತ್ತಾಳೆಂದು ಅರ್ಜಿ ಹಾಕದೆ ಬಿಟ್ಟವರು ಪೇಚಿಗೆ ಸಿಲುಕುವುದು ಇಲ್ಲಿಯೇ.

ಕೊನೆಗೊಂದು ದಿನ ಕರೆ ಬರುತ್ತದೆ. ಚುಚ್ಚುಮದ್ದಿನ ದಾಖಲೆ, ಬದಲಿ ಬಟ್ಟೆ, ಹಿಮದ ದಿನಗಳಿಗೆ ದಪ್ಪ ಅಂಗಿ, ಎಲ್ಲದರ ಮೇಲೂ ಹೆಸರಿನ ಚೀಟಿ. ಮೊದಲ ದಿನ ಕೂಸು ಅಳುತ್ತದೆ. ಬಾಗಿಲಾಚೆ ತಾಯಿಯ ಕಣ್ಣೂ ಒದ್ದೆ. ಗೋಡೆಯ ಸಾಲುಗೂಡುಗಳಲ್ಲಿ ಒಂದರ ಮೇಲೆ ಹೊಸ ಹೆಸರು ಅಂಟಿಸಲಾಗಿದೆ. ಅರ್ಜಿ ತುಂಬಿದ ದಿನ ಖಾಲಿ ಬಿಟ್ಟಿದ್ದ ಹೆಸರು ಅದು.