ಗೋರ್ಟಾದ ಬೆಲ್ಲದ ಒಲೆ

ಬೀದರ ಜಿಲ್ಲೆಯ ಗೋರ್ಟಾ (ಬಿ) ಗ್ರಾಮದ ರೈತನೊಬ್ಬನು ಹುಮನಾಬಾದಿನ ಬೆಲ್ಲದ ವ್ಯಾಪಾರಿಯೊಬ್ಬರ ಅಂಗಡಿಗೆ ಬಂದು ಮುಂಗಡವಾಗಿ ಹಣ ಕೇಳಿದನು. ಅವನಲ್ಲಿದ್ದುದು ಒಂದೆಕರೆ ಕಬ್ಬು. ಕಾರ್ಖಾನೆಯ ಸರದಿ ಬರುವಷ್ಟರಲ್ಲಿ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತಿತ್ತು. ಆದ್ದರಿಂದ ಹೊಲದಲ್ಲಿಯೇ ಗಾಣ ಹೂಡಿ, ತನ್ನ ಕೈಯಿಂದಲೇ ಹೊಸ ಬಗೆಯ ಒಲೆಯೊಂದನ್ನು ಕಟ್ಟಬೇಕೆಂಬುದು ಅವನ ಸಂಕಲ್ಪ.

ವ್ಯಾಪಾರಿಗಳು ಒಡನೆ ಉತ್ತರ ಕೊಡಲಿಲ್ಲ. ಅವರು ಶ್ರಾವಕರು, ಹದಿನೈದು ಖರಕರ್ಮಗಳನ್ನು ಮಾಡೆನೆಂದು ಯೌವನದಲ್ಲಿಯೇ ವ್ರತ ಹಿಡಿದವರು. 12ನೆಯ ಶತಮಾನದ ಹೇಮಚಂದ್ರಾಚಾರ್ಯರು ‘ಯೋಗಶಾಸ್ತ್ರ’ದಲ್ಲಿ ಯಂತ್ರಪೀಡನ ಕರ್ಮವನ್ನು ವಿವರಿಸುವಾಗ ಎಳ್ಳು, ಸಾಸಿವೆ, ಔಡಲಗಳ ಜೊತೆಗೆ ಕಬ್ಬನ್ನೂ ಹೆಸರಿಸಿದ್ದಾರೆ. ದಿಗಂಬರ ಪರಂಪರೆಯಲ್ಲಿ ಪಂಡಿತ ಆಶಾಧರರ ‘ಸಾಗಾರಧರ್ಮಾಮೃತ’ವೂ ಈ ಹದಿನೈದನ್ನು ಚರ್ಚಿಸುತ್ತದೆ. ರಸವಾಣಿಜ್ಯವನ್ನು ವಿವರಿಸುವಾಗ ಹೇಮಚಂದ್ರರು ಬೆಣ್ಣೆ, ಕೊಬ್ಬು, ಜೇನು, ಮದ್ಯಗಳನ್ನು ಹೆಸರಿಸುತ್ತಾರೆಯೇ ಹೊರತು ಬೆಲ್ಲವನ್ನು ಹೆಸರಿಸುವುದಿಲ್ಲ. ಅಂದರೆ ಬೆಲ್ಲ ಮಾರುವವನಿಗೆ ಅಕ್ಷರಶಃ ದೋಷವಿಲ್ಲ. ಗಾಣ ಆಡಿಸುವವನಿಗೆ ಉಂಟು. ಮೂವತ್ತು ವರ್ಷ ಈ ಗೆರೆಯ ಈಚೆ ಬದಿಯಲ್ಲಿ ನಿಂತು ಅವರು ನಿಶ್ಚಿಂತರಾಗಿ ತಕ್ಕಡಿ ಹಿಡಿದಿದ್ದರು. ಈಗ ಹಣ ಕೊಟ್ಟರೆ ಗೆರೆ ದಾಟಿದಂತಾಗುವುದೇ? ಕೊಡದಿದ್ದರೆ, ಬೇರೆ ಹತ್ತು ಗಾಣಗಳ ಬೆಲ್ಲವನ್ನು ಏನೂ ವಿಚಾರಿಸದೆ ಕೊಳ್ಳುವುದು ಯಾವ ನ್ಯಾಯ?

“ಮೊದಲು ನಿನ್ನ ಹಳೆಯ ಒಲೆ ತೋರಿಸು ತಮ್ಮಾ, ಆಮೇಲೆ ಹಣದ ಮಾತು” ಎಂದು ಅವರು ಒಂದು ಸಂಜೆ ಗೋರ್ಟಾಕ್ಕೆ ಹೋದರು.

ಅಲ್ಲಿ ಕಂಡದ್ದು ಅವರ ನಿದ್ದೆ ಕೆಡಿಸಿತು. ನೆಲದಲ್ಲಿ ತೋಡಿದ ಗುಂಡಿಯ ಮೇಲೆ ಒಂದೇ ಕೊಪ್ಪರಿಗೆ. ಜ್ವಾಲೆಯ ಬಹುಭಾಗ ಬದಿಗಳಿಂದ ಹೊರಬಿದ್ದು ಆಕಾಶಕ್ಕೆ ಹೋಗುತ್ತಿತ್ತು. ಸಿಪ್ಪೆ ಸಾಲದೆ ಜಾಲಿಯ ಕಟ್ಟಿಗೆಯನ್ನು ಕೊಂಡು ತಂದು ಒಟ್ಟಿದ್ದರು. ಅದರ ತೊಗಟೆಯ ಕೆಳಗೆ ಹುಳುಗಳು ತುಂಬಿದ್ದವು. ರಾತ್ರಿ ತೂಗುಹಾಕಿದ ದೀಪಕ್ಕೆ ಮುತ್ತಿದ ಹುಳುಹುಪ್ಪಟೆಗಳು ಕುದಿಯುವ ಹಾಲಿಗೆ ಬೀಳುತ್ತಿದ್ದವು. ಮಡ್ಡಿ ತೆಗೆಯುವವನು ಅವನ್ನೂ ಮಡ್ಡಿಯೊಡನೆಯೇ ತೆಗೆದು ಚೆಲ್ಲುತ್ತಿದ್ದನು. ರಾತ್ರಿಭೋಜನ ತ್ಯಾಗ ಮಾಡಿದ ಮನೆಗಳಲ್ಲಿ ಹಗಲು ತಿನ್ನುವ ಬೆಲ್ಲ ಇದೇ.

ವ್ಯಾಪಾರಿಗಳು ವಾಣಿಜ್ಯ ಪದವೀಧರರು. ಲೆಕ್ಕವಿಲ್ಲದೆ ಅವರಿಗೆ ಸಮಾಧಾನವಿರಲಿಲ್ಲ. ಮನೆಗೆ ಬಂದು ಕಾಗದ ಹಿಡಿದರು. 100 ಕಿಲೋ ಕಬ್ಬಿನ ಹಾಲಿನಲ್ಲಿ ಸುಮಾರು 18 ಕಿಲೋ ಘನಾಂಶವಿದ್ದರೆ, ಬೆಲ್ಲವಾಗಲು 80 ಕಿಲೋದಷ್ಟು ನೀರು ಆವಿಯಾಗಬೇಕು. ಕುದಿಯುವ ನೀರಿನ ಒಂದು ಕಿಲೋ ಆವಿಯಾಗಲು ಸುಮಾರು 540 ಕಿಲೋ ಕ್ಯಾಲೊರಿ ಶಾಖ ಬೇಕು. ಹಾಲನ್ನು ಕುದಿತಕ್ಕೆ ತರುವ ಶಾಖವನ್ನೂ ಸೇರಿಸಿದರೆ ಒಟ್ಟು 50,000. ಒಣ ಕಟ್ಟಿಗೆ ಕಿಲೋಗೆ 3,500 ಕೊಡುತ್ತದೆಂದು ಹಿಡಿದರೆ, ಒಂದಿಷ್ಟೂ ನಷ್ಟವಾಗದಿದ್ದಲ್ಲಿ 14 ಕಿಲೋ ಸಾಕು. ಒಲೆಯ ಶಾಖದಲ್ಲಿ ಕಾಲು ಭಾಗ ಮಾತ್ರ ಕೊಪ್ಪರಿಗೆಗೆ ಮುಟ್ಟಿದರೆ 56 ಕಿಲೋ ಬೇಕು. ಉಳಿದ 42 ಕಿಲೋ ಯಾರಿಗಾಗಿ ಉರಿಯಿತು? ಅದರಲ್ಲಿದ್ದ ಜೀವಗಳು ಯಾರ ಬಾಯಿಯ ಸಿಹಿಗಾಗಿ ಸತ್ತವು? ಉದ್ಯೋಗೀ ಹಿಂಸೆ ಗೃಹಸ್ಥನಿಗೆ ಅನಿವಾರ್ಯವೆಂದು ನಾವು ಹೇಳುತ್ತೇವೆ. ಆದರೆ ಈ 42 ಕಿಲೋ ಅನಿವಾರ್ಯದ ಖಾತೆಗೆ ಸೇರಲಾರದು.

ಹಣ ಕೊಟ್ಟರು. ಬಡ್ಡಿಯಿಲ್ಲ, ಪಾಲೂ ಇಲ್ಲ.

ಒಲೆಯನ್ನು ರೈತನೇ ಕಟ್ಟಿದನು. ಒಂಬತ್ತು ಅಡಿ ಉದ್ದದ ಕಾಲುವೆ, ಎರಡೂ ಬದಿಗೆ ಇಟ್ಟಿಗೆ, ಸಿಮೆಂಟು ಬಿರುಕು ಬಿಡುವುದೆಂದು ಕೆಸರಿನ ಗಾರೆ. ಬಾಯಿಯ ಬಳಿ ಹಳೆಯ ಕಬ್ಬಿಣದ ಸರಳುಗಳ ಜಾಲರಿ, ಅದರಡಿ ಬೂದಿಗುಂಡಿ. ಗಾಳಿ ಕೆಳಗಿನಿಂದಲೇ ಬರಬೇಕು. ಮುಂದೆ ಹೋದಂತೆ ಕಾಲುವೆಯ ತಳವನ್ನು ಏರಿಸಿದನು. ಆದ್ದರಿಂದ ಜ್ವಾಲೆ ಕೊಪ್ಪರಿಗೆಯ ತಳಕ್ಕೆ ಒತ್ತಿಕೊಂಡೇ ಹರಿಯುತ್ತದೆ. ಕೊನೆಗೆ ಡಾಂಬರಿನ ಡ್ರಮ್ಮುಗಳನ್ನು ಸುಟ್ಟು ಶುದ್ಧಿಗೊಳಿಸಿ ಜೋಡಿಸಿದ ಹೊಗೆಗೂಡು. ಬೆಂಕಿಯ ನೇರ ಮೇಲೆ ಅಗಲವಾದ ಚಪ್ಪಟೆ ಕೊಪ್ಪರಿಗೆ. ಹೊಗೆ ಹೋಗುವ ದಾರಿಯ ಮೇಲೆ ಎರಡನೆಯದು. ಹಸಿ ಹಾಲು ಹಿಂದಿನದರಲ್ಲಿ ವ್ಯರ್ಥವಾಗುವ ಶಾಖದಿಂದಲೇ ಬಿಸಿಯಾಗಿ, ನಳದ ಮೂಲಕ ಮುಂದಿನದಕ್ಕೆ ಇಳಿಯುತ್ತದೆ. ಸತುವು ಲೇಪಿಸಿದ ತಗಡು ಅಗ್ಗವೆಂದು ಅವನು ತರಹೊರಟಾಗ ವ್ಯಾಪಾರಿಗಳು ತಡೆದರು. ಹುಳಿಯಂಶವುಳ್ಳ ಬಿಸಿ ಹಾಲಿನಲ್ಲಿ ಸತುವು ಕರಗುತ್ತದೆ.

ಇದು ಗೋರ್ಟಾದಲ್ಲಿಯೇ ಹುಟ್ಟಿದ ಉಪಾಯವಲ್ಲ. ಕೆನಡಾದ ಕ್ವಿಬೆಕ್ ಮತ್ತು ಅಮೆರಿಕದ ವರ್ಮಾಂಟ್ ಸೀಮೆಯ ರೈತರು ಚಳಿಗಾಲದ ಕೊನೆಗೆ ಮೇಪಲ್ ಮರದ ರಸವನ್ನು ಇಂಥದೇ ಜೋಡಿ ಕೊಪ್ಪರಿಗೆಗಳಲ್ಲಿ ಕಾಯಿಸುತ್ತಾರೆ. ಹಲವರು ಹಳೆಯ ಪೀಪಾಯಿಗಳಿಂದ ಒಲೆಯನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಆ ರಸದಲ್ಲಿ ಸಕ್ಕರೆ ನೂರಕ್ಕೆ ಸುಮಾರು ಎರಡೇ ಪಾಲು. 40 ಲೀಟರು ಕಾಯಿಸಿದರೆ ಒಂದು ಲೀಟರು ಪಾಕ. ಅಷ್ಟೊಂದು ನೀರು ಓಡಿಸಬೇಕಾದವರು ಕಟ್ಟಿಗೆಯ ಮಿತವ್ಯಯವನ್ನು ಕಲಿಯದೆ ವಿಧಿಯಿಲ್ಲ. ನಮ್ಮ ಕಬ್ಬು ಉದಾರಿ. ಬಹುಶಃ ಅದಕ್ಕೇ ನಾವು ಕಲಿಯಲಿಲ್ಲ.

ಹಣದೊಡನೆ ವ್ಯಾಪಾರಿಗಳು ಮೂರು ಮಾತು ಕೇಳಿಕೊಂಡಿದ್ದರು. ಕಟ್ಟಿಗೆಯನ್ನು ಕಟ್ಟೆಯ ಮೇಲೆ ಒಣಗಿಸಿ, ಬಡಿದು, ನೋಡಿ ಒಲೆಗೆ ಹಾಕಬೇಕು. ಬಣ್ಣಕ್ಕಾಗಿ ಹೈಡ್ರೋಸ್ ಹಾಕದೆ, ಹಳೆಯವರಂತೆ ಬೆಂಡೆಯ ಗಿಡದ ಲೋಳೆಯಿಂದಲೇ ಮಡ್ಡಿ ತೆಗೆಯಬೇಕು. ಸೂರ್ಯಾಸ್ತದ ನಂತರ ಒಲೆ ಉರಿಯಬಾರದು.

ಮೊದಲನೆಯದಕ್ಕೆ ಅವನು ಒಪ್ಪಿದನು. ಎರಡನೆಯದಕ್ಕೆ ತಲೆ ಕೆರೆದುಕೊಂಡನು: “ಸಾವಕಾರರೇ, ಬೆಲ್ಲ ಕಪ್ಪಾದರೆ ಪೇಟೆಯಲ್ಲಿ ದರ ಬೀಳ್ತದ. ಧರ್ಮ ನಿಮ್ಮದು, ಲುಕ್ಸಾನು ನಂದೇನ್ರಿ?” ಈ ಪ್ರಶ್ನೆಗೆ ಶಾಸ್ತ್ರದಿಂದ ಉತ್ತರ ಹೇಳಬಹುದಿತ್ತು, ಅವರು ಹೇಳಲಿಲ್ಲ. ಹಳದಿ ಬೆಲ್ಲದ ದರದಲ್ಲಿಯೇ ಕಂದು ಬೆಲ್ಲವನ್ನು ಕೊಳ್ಳುವುದಾಗಿ ಮಾತು ಕೊಟ್ಟರು. ಆ ಹಂಗಾಮಿನ ನಷ್ಟವನ್ನು ಅಂಗಡಿಯ ಖಾತೆಗೆ ಬರೆಯದೆ ತಮ್ಮ ಸ್ವಂತ ಖಾತೆಗೆ ಬರೆದುಕೊಂಡರು. ಮಗನಿಗೆ ಇದು ಹಿಡಿಸಲಿಲ್ಲ. ಎರಡು ದಿನ ಅಂಗಡಿಯಲ್ಲಿ ಮಾತಿರಲಿಲ್ಲ.

ಮೂರನೆಯದೇ ಕಠಿಣವಾಯಿತು. ಹಿಂಡಿದ ಹಾಲನ್ನು ಇಡುವಂತಿಲ್ಲ. ಕೆಲವೇ ತಾಸುಗಳಲ್ಲಿ ಹುಳಿಯಾಗುತ್ತದೆ. ಹಗಲಿನಲ್ಲಿ ಮುಗಿಯುವಷ್ಟೇ ಹಿಂಡಬೇಕೆಂದರೆ ಕೂಲಿಯವರಿಗೆ ಅರ್ಧ ದಿನದ ಕೆಲಸ. ಆದರೂ ಎರಡು ಕೊಪ್ಪರಿಗೆಗಳಿಂದ ಅಡಿಗೆ ಬೇಗ ಇಳಿಯುತ್ತಿದ್ದುದರಿಂದ ಹೇಗೋ ನಡೆಯಿತು. ಒಂದು ದಿನ ಮಾತ್ರ ಗಾಣದ ಯಂತ್ರ ಕೆಟ್ಟು, ರಿಪೇರಿಯಾದಾಗ ಸಂಜೆಯಾಗಿತ್ತು. ಕೊಪ್ಪರಿಗೆಯಲ್ಲಿ ಹಾಲಿತ್ತು, ಮನೆಯಲ್ಲಿ ಮಗಳ ಮದುವೆಯ ಖರ್ಚು ಎದುರಿಗಿತ್ತು. ಅವನು ದೀಪ ಹಚ್ಚಿದನು.

ಮರುದಿನ ಗಾಡಿಯೊಡನೆ ಬಂದವನು ತಾನಾಗಿಯೇ ಹನ್ನೊಂದು ಪೆಂಟೆಗಳನ್ನು ಬೇರೆ ಇಳಿಸಿ, “ಇವು ರಾತ್ರೀವು” ಎಂದನು. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಣ್ಣ ಒಂದೇ, ರುಚಿ ಒಂದೇ. ವ್ಯಾಪಾರಿಗಳು ಬಹಳ ಹೊತ್ತು ಅವನ್ನು ನೋಡಿದರು. ಮಾರಿದರೆ ಗಿರಾಕಿಗೆ ಹೇಳಿ ಮಾರಬೇಕು. ತಿರುಗಿಸಿ ಕಳುಹಿದರೆ ಇನ್ನೊಂದು ಅಂಗಡಿಯಲ್ಲಿ ಹೇಳದೆ ಮಾರಾಟವಾಗುತ್ತದೆ, ಮುಂದಿನ ಸಲ ಅವನು ಇಲ್ಲಿಯೂ ಹೇಳಲಾರನು. ಕೊನೆಗೆ ಒಪ್ಪಿದ ದರದಲ್ಲಿಯೇ ತೂಗಿಸಿಕೊಂಡರು. ಪೆಂಟೆಗಳು ಗೋದಾಮಿನ ಒಂದು ಮೂಲೆಯಲ್ಲಿ, ಗೋಣಿಚೀಲದ ಕೆಳಗೆ, ಆ ಹಂಗಾಮು ಮುಗಿಯುವವರೆಗೂ ಮಾರಾಟವಾಗದೆ ಇದ್ದವು.